ಪಶ್ಚಿಮಕ್ಕೆ ಸಮುದ್ರ

ಕೋಡಿಬೆಂಗ್ರೆಯ ನಮ್ಮ ಅಜ್ಜಿಮನೆ ಜಾಗದ ಹಳೆಯ ಪತ್ರದಲ್ಲಿ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಸಮುದ್ರ, ಉತ್ತರ ದಕ್ಷಿಣಕ್ಕೆ ದಾಯಾದಿಗಳು. ದಾಯಾದಿಗಳ ಬೇಲಿ ಗೇಣು ಜರುಗಿದರೂ ಕೋರ್ಟಿನ ಮೆಟ್ಟಿಲು ಹತ್ತುವ ಮನೆತನ ನಮ್ಮದು. ಪಶ್ಚಿಮದ ಒತ್ತುವರಿದಾರನಿಗೆ ಮಾತ್ರ ಇವತ್ತಿನವರೆಗೆ ಒಂದು ನೋಟೀಸೂ ಹೋಗಿಲ್ಲ.

ಅವನದೂ ಒಂದು ಲೆಕ್ಕಾಚಾರವಿತ್ತು. ಜೂನ್ ಬಂತೆಂದರೆ ಅಲೆಗಳು ಒಂದರ ಬೆನ್ನಿಗೊಂದು ನುಗ್ಗುತ್ತವೆ. ಹಿಂದಿನದರ ನೀರು ಇಂಗುವ ಮೊದಲೇ ಮುಂದಿನದು ಹಾಜರು. ಹಾಗಾಗಿ ಇಳಿಯುವ ನೀರಿನದೇ ಮೇಲುಗೈ. ದಂಡೆಯ ಮರಳನ್ನು ಕೆರೆದು ಒಯ್ಯುತ್ತದೆ, ತೆಂಗಿನ ಬೇರು ಗಾಳಿಗೆ ತೂಗುತ್ತದೆ. ಒಯ್ದ ಮರಳಲ್ಲಿ ಹೆಚ್ಚಿನದು ಅಲ್ಲೇ ಹತ್ತಿರದಲ್ಲಿ ನೀರಿನಡಿ ದಿಬ್ಬವಾಗಿ ಕೂರುತ್ತದೆ. ಆಮೇಲೆ ಬರುವ ಅಲೆ ಅದಕ್ಕೆ ಎಡವಿ ದೂರದಲ್ಲೇ ಮುರಿಯುತ್ತದೆ. ಕದ್ದ ಮಾಲಿನಿಂದಲೇ ಕಾವಲು! ನವರಾತ್ರಿ ಕಳೆದ ಮೇಲೆ ಉದ್ದುದ್ದನೆಯ ಸೋಮಾರಿ ಅಲೆಗಳು ಅದನ್ನೇ ಸ್ವಲ್ಪಸ್ವಲ್ಪವಾಗಿ ದಡಕ್ಕೆ ತಂದು ಹಾಸುತ್ತವೆ. ನಮ್ಮ ಬೇಸಿಗೆ ರಜೆ ಕಳೆದದ್ದೆಲ್ಲ ಆ ಹಾಸಿನ ಮೇಲೆ.

ಮಳೆಗಾಲ ಮುಗಿದ ಹೊಸತರಲ್ಲಿ ದಂಡೆಯ ಉದ್ದಕ್ಕೂ ಕಪ್ಪು ಪಟ್ಟೆಗಳು ಕಾಣುತ್ತಿದ್ದವು. ಬೆಂಗಳೂರಿನ ನೆಂಟರು ಹಡಗಿನ ಎಣ್ಣೆಯೆಂದು ಚಪ್ಪಲಿ ಕಳಚಲಿಲ್ಲ. ಘಟ್ಟದ ಬಂಡೆ ಕೊಳೆತು, ಸವೆದು, ಸೀತೆ, ಸುವರ್ಣೆ ಎಂಬ ಹೊಳೆಗಳ ಜೊತೆ ಇಳಿದು ಬಂದದ್ದು ಅದು. ಅದರಲ್ಲಿ ಬೆಣಚುಕಲ್ಲಿನ ಹರಳು ಹಗುರ. ಇಲ್ಮನೈಟ್, ಮ್ಯಾಗ್ನಟೈಟ್ ಕಣಗಳು ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಅಜ್ಜಿ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕಡಲು ಕೇರುತ್ತದೆ, ಹಗುರಾದದ್ದು ಹೋಗಿ ಭಾರದ್ದು ಉಳಿಯುತ್ತದೆ. ನಾವು ಕೆಟ್ಟ ರೇಡಿಯೊದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಆ ಪಟ್ಟೆಯ ಮೇಲೆ ಎಳೆಯುತ್ತಿದ್ದೆವು. ಅದಕ್ಕೆ ಋಷಿಗಳಂತೆ ಗಡ್ಡ ಬರುತ್ತಿತ್ತು. ನೆಂಟರು ಅದನ್ನೂ ನಂಬಲಿಲ್ಲ.

ನಮ್ಮೂರೇ ಒಂದು ನಡಿಗೆ. ಅಲೆ ಓರೆಯಾಗಿ ಹತ್ತುತ್ತದೆ, ನೇರ ಇಳಿಯುತ್ತದೆ. ಅದರ ಜೊತೆ ಮರಳು ಅಂಕುಡೊಂಕಾಗಿ ದಂಡೆಗುಂಟ ನಡೆಯುತ್ತ ಅಳಿವೆಯತ್ತ ನಾಲಿಗೆ ಚಾಚುತ್ತದೆ. ಅದೇ ಕೋಡಿ. ಅದರ ಮೇಲೆ ನಮ್ಮವರು ಮನೆ ಕಟ್ಟಿದರು, ತೆಂಗು ನೆಟ್ಟರು, ಪಾಲು ಮಾಡಿಕೊಂಡರು, ಮಾತು ಬಿಟ್ಟರು.

ಈಗ ಲೆಕ್ಕ ತಪ್ಪಿದೆ. ಹೊಳೆಯ ಮರಳು ಲಾರಿ ಹತ್ತಿ ಬೇರೆ ಊರಿನ ತಾರಸಿಯಾಗುತ್ತಿದೆ. ಕಡಲಿಗೆ ಬಾರದ್ದನ್ನು ಕಡಲು ಎಲ್ಲಿಂದ ತಂದು ಹಾಸೀತು? ನಾವು ಕಣ್ಣಾಮುಚ್ಚಾಲೆ ಆಡಿದ ತೆಂಗಿನ ಸಾಲು ಇದ್ದಲ್ಲಿ ಈಗ ಬೂತಾಯಿ ಈಜುತ್ತಿವೆ. ಮಾವ ಮಾತ್ರ ಆ ಮುಳುಗಿದ ಸೆಂಟ್ಸುಗಳಿಗೂ ತಪ್ಪದೆ ತೀರ್ವೆ ಕಟ್ಟುತ್ತಾನೆ. ಯಾಕೆ ಎಂದರೆ, “ಕಟ್ದಿರೆ ಪಹಣಿ ಅವ್ನ್ ಹೆಸ್ರಿಗ್ ಆತ್ತ್!”

ಕೊನೆಗೆ ಕಗ್ಗಲ್ಲಿನ ತಡೆಗೋಡೆ ಬಂತು. ಮನೆ ಉಳಿದದ್ದು ಅದರಿಂದಲೇ, ಸುಳ್ಳು ಹೇಳಬಾರದು. ಆದರೆ ಕಲ್ಲಿಗೆ ಬಡಿದ ಅಲೆ ವಾಪಸಾಗುವಾಗ ಬುಡದ ಮರಳನ್ನೇ ಹೊತ್ತೊಯ್ಯುತ್ತದೆ. ಬೇಸಿಗೆಯಲ್ಲೂ ಹಾಸು ಕೂರುವುದಿಲ್ಲ, ದೋಣಿ ಎಳೆದಿಡಲು ಜಾಗವಿಲ್ಲ. ಗೋಡೆ ಮುಗಿದಲ್ಲಿ ಉತ್ತರದ ದಾಯಾದಿಯ ಹಿತ್ತಲು ಕುಸಿಯತೊಡಗಿದೆ. ವಕೀಲರ ಓಡಾಟ ಮತ್ತೆ ಶುರುವಾಗಿದೆ.

ಮಾವನ ಮಗ ಅಲ್ಲೇ ಹೋಮ್‌ಸ್ಟೇ ತೆರೆದಿದ್ದಾನೆ. ಜಗಲಿಯಲ್ಲಿ ಕೂತರೆ ಅತಿಥಿಗಳಿಗೆ ಕಾಣುವುದು ಕಲ್ಲುರಾಶಿ ಮಾತ್ರ. ಕಡಲು ನೋಡಲು ಅದರ ಮೇಲೇರಬೇಕು. ಅದಕ್ಕೊಂದು ಏಣಿ ಮಾಡಿಸುವ ಅಂದಾಜುಪಟ್ಟಿ ಮೊನ್ನೆ ವಾಟ್ಸಾಪಿನಲ್ಲಿ ಬಂದಿದೆ. ಕೆಳಗೆ ನನ್ನ ಪಾಲನ್ನೂ ಬರೆದಿದ್ದಾನೆ.