ಬೆಲೆ ಇಳಿದಾಗ ಮೌಲ್ಯದ ವಿಚಾರ

ಚಿಟಗುಪ್ಪದ ಪೇಟೆಯಲ್ಲಿ ವರ್ಷಕ್ಕೆ 60,000 ರೂಪಾಯಿ ಬಾಡಿಗೆ ತರುವ ಮಳಿಗೆಯೊಂದಿದೆಯೆಂದು ಭಾವಿಸೋಣ. ಹೂಡಿದ ಹಣಕ್ಕೆ ಶೇಕಡಾ 6ರ ಆದಾಯ ಸಾಕೆನ್ನುವವನು ಅದಕ್ಕೆ 10 ಲಕ್ಷ ಕೊಟ್ಟಾನು. ಬ್ಯಾಂಕುಗಳ ಬಡ್ಡಿ ಏರಿ, ಅವನೇ ಶೇಕಡಾ 8ನ್ನು ಬಯಸಿದರೆ 7.5 ಲಕ್ಷಕ್ಕಿಂತ ಹೆಚ್ಚು ಕೊಡಲಾರ. ಗೋಡೆ ಬಿರಿದಿಲ್ಲ, ಬಾಡಿಗೆದಾರ ಬಿಟ್ಟುಹೋಗಿಲ್ಲ. ಆದರೂ ಬೆಲೆ ಕಾಲುಭಾಗ ಇಳಿದಿದೆ.

ಅನೇಕರ ಹಣ ಸೇರಿಸಿ ಬಾಡಿಗೆಯ ಕಟ್ಟಡಗಳನ್ನು ಹೊಂದುವ ಸ್ಥಿರಾಸ್ತಿ ಹೂಡಿಕೆ ನ್ಯಾಸಗಳಿಗೂ, ಅಂದರೆ ರೀಟ್‌ಗಳಿಗೂ, ಇದೇ ಲೆಕ್ಕ ಅನ್ವಯಿಸುತ್ತದೆ. ಸೆಬಿ ಸಂಸ್ಥೆ 2014ರಲ್ಲಿ ಇವುಗಳ ನಿಯಮಗಳನ್ನು ರೂಪಿಸಿತು. ದೇಶದ ಮೊದಲ ರೀಟ್ ಆದ ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್, ಯೂನಿಟ್ಟಿಗೆ 300 ರೂಪಾಯಿಯಂತೆ ಹಣ ಸಂಗ್ರಹಿಸಿ, 2019ರ ಏಪ್ರಿಲ್ 1ರಂದು ಶೇರುಪೇಟೆಯನ್ನು ಪ್ರವೇಶಿಸಿತು. ನಿಯಮದಂತೆ ಆಸ್ತಿಯ ಶೇಕಡಾ 80ರಷ್ಟಾದರೂ ಪೂರ್ಣಗೊಂಡು ಬಾಡಿಗೆ ತರುವ ಕಟ್ಟಡಗಳಲ್ಲಿರಬೇಕು. ಹಂಚಲು ಲಭ್ಯವಾದ ನಿವ್ವಳ ಹಣದ ಶೇಕಡಾ 90ರಷ್ಟಾದರೂ ಹೂಡಿಕೆದಾರರಿಗೆ ಸಲ್ಲಬೇಕು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿದಾಗ, ಮೇಲಿನ ಮಳಿಗೆಗೆ ಒದಗಿದ ಸ್ಥಿತಿಯೇ ಇವುಗಳಿಗೂ ಎದುರಾಯಿತು.

ಆದರೆ ಎಲ್ಲ ಇಳಿಕೆಯೂ ಬಡ್ಡಿಯಿಂದಲೇ ಬರುವುದಿಲ್ಲ. 2020ರ ಸೋಂಕಿನ ಕಾಲದಲ್ಲಿ ನೌಕರರು ಮನೆಯಿಂದಲೇ ದುಡಿಯತೊಡಗಿದರು. ವಿಶೇಷ ಆರ್ಥಿಕ ವಲಯದ ಹೊಸ ಘಟಕಗಳಿಗಿದ್ದ ಆದಾಯ ತೆರಿಗೆಯ ರಿಯಾಯಿತಿಯೂ ಅದೇ ವರ್ಷ ಮುಗಿದು, ಅಲ್ಲಿನ ಜಾಗಕ್ಕೆ ಬೇಡಿಕೆ ತಗ್ಗಿತು. ಬಾಡಿಗೆಯೇ ನಿಂತುಹೋದ ಮಳಿಗೆ ಅಗ್ಗವಾಗಿ ದೊರೆತರೂ ಅಗ್ಗವಲ್ಲ.

ಚಿಟಗುಪ್ಪದ ನಿವೃತ್ತ ಶಿಕ್ಷಕರೊಬ್ಬರ ಸಲಹೆಯಂತೆ ವಿಧವೆಯಾದ ಅವರ ತಂಗಿ ಒಂದು ರೀಟ್‌ನಲ್ಲಿ ಹಣ ತೊಡಗಿಸಿದ್ದರು. ಬೆಲೆ ಇಳಿದಾಗ ಆಕೆ, "ಅಣ್ಣಾ, ಮಾರಿಬಿಡಲೇನು?" ಎಂದು ಕೇಳಿದರು. "ಇರಲಿ ಬಿಡವ್ವಾ, ಏರುತ್ತದೆ" ಎಂದಿದ್ದರೆ ಅವರ ಮಾತಿನ ಮಾನ ಉಳಿಯುತ್ತಿತ್ತು. ತಂಗಿಯ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಶಿಕ್ಷಕರು ವಾರ್ಷಿಕ ವರದಿಯನ್ನು ತರಿಸಿ ನಾಲ್ಕು ಸಂಗತಿಗಳನ್ನು ಹುಡುಕಿದರು: ಎಷ್ಟು ಜಾಗ ಖಾಲಿಯಿದೆ, ಕರಾರುಗಳು ಯಾವಾಗ ಮುಗಿಯುತ್ತವೆ, ಸಾಲವೆಷ್ಟು, ಹಂಚಿದ ಹಣದಲ್ಲಿ ನಿಜವಾದ ಆದಾಯವೆಷ್ಟು. ಹಂಚಿಕೆಯ ಒಂದು ಭಾಗ ಸಾಲದ ಮರುಪಾವತಿಯ ರೂಪದಲ್ಲಿ ಬರುವುದುಂಟು. ಅದನ್ನೂ ಬಡ್ಡಿಯೆಂದೆಣಿಸಿದರೆ ಲಾಭ ಹಿಗ್ಗಿ ಕಾಣುತ್ತದೆ. ಮೌಲ್ಯಮಾಪಕರು ಹೇಳುವ ಆಸ್ತಿಯ ಮೌಲ್ಯವೂ ಮುಂದಿನ ಬಾಡಿಗೆಯ ಊಹೆಯನ್ನೇ ಆಧರಿಸಿದ್ದು. ಪೇಟೆಯ ಬೆಲೆ ಅದಕ್ಕಿಂತ ಕಡಿಮೆಯೆಂಬುದೊಂದೇ ಕೊಳ್ಳಲು ಕಾರಣವಾಗದು.

ಬಾಡಿಗೆ ಸ್ಥಿರವಾಗಿದೆಯೆಂದು ಕಂಡಮೇಲೂ ಅವರು ಎಲ್ಲವನ್ನೂ ಇಟ್ಟುಕೊಳ್ಳಲು ಹೇಳಲಿಲ್ಲ. ಮಗಳ ಓದಿಗೆ ವರ್ಷದೊಳಗೆ ಬೇಕಾದಷ್ಟನ್ನು ನಷ್ಟವಾದರೂ ಮಾರಿಸಿದರು. ಐದಾರು ವರ್ಷ ಮುಟ್ಟಬೇಕಿಲ್ಲದ್ದನ್ನು ಉಳಿಸಿದರು. ಕೊಂಡ ಬೆಲೆ ಆ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ.

ಕೊಂಡ ಬೆಲೆ ಮನುಷ್ಯನ ಅಭಿಮಾನಕ್ಕೆ ಸೇರಿದ್ದು. ಅದು ಮರಳಿ ಬರುವವರೆಗೆ ಕಾಯುವೆನೆಂಬುದು ಲೋಭ, ಅದು ಹೋಯಿತೆಂದು ಎಲ್ಲವನ್ನೂ ಬಿಸುಡುವುದು ಭಯ. ತನ್ನ ಹಣದಲ್ಲಿ ಇವೆರಡನ್ನೂ ಸಹಿಸಿಕೊಳ್ಳಬಹುದು. ಪರರು ನಂಬಿ ಒಪ್ಪಿಸಿದ ಹಣದ ವಿಷಯದಲ್ಲಿ ಮಾತ್ರ, ಬೆಲೆ ಏರಿದ ದಿನ ತೋರಿಸಿದ ಲೆಕ್ಕವನ್ನೇ ಇಳಿದ ದಿನವೂ ಬಿಚ್ಚಿ ತೋರಿಸುವುದು ಸಲಹೆ ಕೊಟ್ಟವನ ಋಣ.