ನವೆಂಬರ್ 1ರ ಲೆಕ್ಕ



ನಮ್ಮ ಧರ್ಮಕೇಂದ್ರದ ಯುವಜನರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ‘ಇತಿಹಾಸದಲ್ಲಿ ಈ ದಿನ’ ಎಂದು ನಾಲ್ಕು ಸಾಲು ಹಾಕುವ ಕೆಲಸ ನನ್ನದು. ಹೆಚ್ಚಿನ ದಿನ ಯಾರೋ ಹುಟ್ಟಿರುತ್ತಾರೆ, ಯಾರೋ ತೀರಿಕೊಂಡಿರುತ್ತಾರೆ, ಎಲ್ಲೋ ಒಂದು ಯುದ್ಧ ಮುಗಿದಿರುತ್ತದೆ. ಎರಡು ಹೆಬ್ಬೆರಳಿನ ಚಿತ್ರ ಬರುತ್ತದೆ, ಅಷ್ಟೇ. ನವೆಂಬರ್ 1 ಮಾತ್ರ ನಾಲ್ಕು ಸಾಲಿಗೆ ಬಗ್ಗುವ ದಿನವಲ್ಲ.

ಕಾಸರಗೋಡಿನಲ್ಲಿ ಆ ದಿನ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಸಕಲ ಸಂತರ ಹಬ್ಬದ ಬಲಿಪೂಜೆ. ಶಾಲೆಯಲ್ಲಿ ಕೇರಳಪ್ಪಿರವಿ. ಮಧ್ಯಾಹ್ನದೊಳಗೆ ಮಂಗಳೂರಿನ ನೆಂಟರಿಂದ ಹಳದಿ ಕೆಂಪು ಬಾವುಟದ ರಾಜ್ಯೋತ್ಸವ ಶುಭಾಶಯ. ಮೂರಕ್ಕೂ ನಾವು ‘ನಿಮಗೂ ಶುಭಾಶಯ’ ಎಂದೇ ಉತ್ತರಿಸುತ್ತೇವೆ! 1956ರಲ್ಲಿ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕನ್ನು ಬೇರೆ ಮಾಡಿ ಕೇರಳಕ್ಕೆ ಸೇರಿಸಿದ್ದೂ, ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋದದ್ದೂ ಅದೇ ದಿನ, ಅದೇ ಕಾಯಿದೆಯಿಂದ. ಕ್ರಿಸ್ತರ ಕೊನೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯವಾಗಿ ಬರೆದ ಮಂಜೇಶ್ವರದ ಗೋವಿಂದ ಪೈಗಳಿಗೆ ಆಗ 73 ವರ್ಷ. ಮನೆ ಬಿಟ್ಟು ಕದಲದೆ ಅವರು ಇನ್ನೊಂದು ರಾಜ್ಯದವರಾದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಜಾರಿಯಾಗಲಿಲ್ಲ. ನಮ್ಮ ಕಡೆಯ ಚರ್ಚ್‌ಗಳು ಮಾತ್ರ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ.

ಕಳೆದ ವರ್ಷ ಪ್ಲಸ್ ಟು ಓದುವ ಹುಡುಗಿಯೊಬ್ಬಳು ಕೇಳಿದಳು: “ಅಕ್ಕ, ಒಂದೇ ದಿನ ಇಷ್ಟೆಲ್ಲ ಆಗಿದೆ ಅಂದರೆ ಅದರಲ್ಲಿ ದೇವರ ಏನೋ ಸೂಚನೆ ಇರಬೇಕಲ್ವಾ?”

ಬಿಎಸ್ಸಿ ಮಾಡಿದವಳು ಮೊದಲು ಲೆಕ್ಕವನ್ನೇ ಹೇಳಬೇಕು. 23 ಜನರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 40 ಜನರಾದರೆ ನೂರಕ್ಕೆ ಸುಮಾರು 89. ದಿನಗಳಿರುವುದು 365, ಇತಿಹಾಸವೋ ಸಾವಿರಾರು ವರ್ಷಗಳದ್ದು. ಒಂದರ ಮೇಲೊಂದು ಬೀಳದೆ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ 1973ರ ನವೆಂಬರ್ 1ರಂದೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದರು. ಅದರಲ್ಲಿ ಸೂಚನೆ ಹುಡುಕುವವರಿದ್ದರೆ ಹುಡುಕಲಿ.

ಆದರೆ ಅವಳ ಪ್ರಶ್ನೆ ಲೆಕ್ಕಕ್ಕೆ ಮುಗಿಯುವಂಥದ್ದಲ್ಲ. ಇದೇ ದಿನ, ಇದೇ ಹಬ್ಬದಂದು, ಒಂದು ಇಡೀ ಊರು ಅದೇ ಪ್ರಶ್ನೆ ಕೇಳಿತ್ತು.

1755ರ ನವೆಂಬರ್ 1, ಶನಿವಾರ, ಪೋರ್ಚುಗಲ್‌ನ ಲಿಸ್ಬನ್. ಗೋವೆಯನ್ನು ಆಳುತ್ತಿದ್ದ ಸಿಂಹಾಸನ ಇದ್ದ ನಗರ ಅದು. ಬೆಳಿಗ್ಗೆ ಸುಮಾರು 9.40ಕ್ಕೆ ಚರ್ಚ್‌ಗಳು ತುಂಬಿದ್ದವು, ಪೀಠಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಭೂಮಿ ಕಂಪಿಸಿತು. ಚಾವಣಿಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು. ಬದುಕಿದವರು ಬಯಲು ಸಿಗುತ್ತದೆಂದು ಹೊಳೆಯ ದಡಕ್ಕೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಸುನಾಮಿ ಬಂತು. ಬಿದ್ದ ಬತ್ತಿಗಳಿಂದಲೂ ಒಲೆಗಳಿಂದಲೂ ಹತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಕಾರ್ಮೊ ಮಠದ ಚರ್ಚು ಚಾವಣಿಯಿಲ್ಲದೆ ಇವತ್ತಿಗೂ ಅಲ್ಲಿ ನಿಂತಿದೆ.

ಹಬ್ಬದ ದಿನ, ಪೂಜೆಯ ಹೊತ್ತಿನಲ್ಲೇ ಯಾಕೆ? ಮಲಗ್ರಿದ ಎಂಬ ಯೇಸುಸಭೆಯ ವೃದ್ಧ ಗುರು ಒಂದು ಪುಸ್ತಿಕೆ ಬರೆದು, ಇದು ಪ್ರಕೃತಿಯ ಕೆಲಸವಲ್ಲ, ಲಿಸ್ಬನ್ನಿನ ಪಾಪಗಳಿಗೆ ದೇವರ ಶಿಕ್ಷೆ ಎಂದರು. ಮುಂದೆ ಪೊಂಬಾಲ್ ಎಂದೇ ಹೆಸರಾದ ಮಂತ್ರಿ ಕೈಗೊಂಡ ಕೆಲಸ ಬೇರೆ. ದೇಶದ ಧರ್ಮಕೇಂದ್ರಗಳಿಗೆಲ್ಲ ಒಂದು ಪ್ರಶ್ನಾವಳಿ ಹೋಯಿತು. ಕಂಪನ ಎಷ್ಟು ಹೊತ್ತು ಇತ್ತು? ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು? ಸಮುದ್ರ ಮೊದಲು ಏರಿತೋ ಇಳಿಯಿತೋ? ನೆಲ ಬಿರುಕು ಬಿಟ್ಟಿತೇ? ಊರೂರಿನ ಗುರುಗಳು ಕೂತು ಉತ್ತರ ಬರೆದರು. ಆ ಹಾಳೆಗಳು ಲಿಸ್ಬನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಭೂಕಂಪ ವಿಜ್ಞಾನಿಗಳು ಈಗಲೂ ಅವನ್ನು ಬಳಸುತ್ತಾರೆ. ಪೊಂಬಾಲ್ ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಅವನು ಯೇಸುಸಭೆಯವರನ್ನೆಲ್ಲ ದೇಶದಿಂದ ಓಡಿಸಿದ, ಮಲಗ್ರಿದರನ್ನು 1761ರಲ್ಲಿ ಕೊಲ್ಲಿಸಲಾಯಿತು. ಆದರೆ ಮಲಗ್ರಿದರ ಉತ್ತರ ನನಗೆ ಒಪ್ಪಿಗೆಯಿಲ್ಲ, ಅದಕ್ಕೆ ಕಾರಣ ವಿಜ್ಞಾನವಲ್ಲ. ಲೂಕ 13ನೇ ಅಧ್ಯಾಯ ತೆರೆಯಿರಿ. ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದು ಯೇಸುವೇ ಹೇಳಿದ್ದಾರೆ.

ಹಾಗಾದರೆ ನೆಲ ನಡುಗಿದ್ದು ಯಾಕೆ? ಅದಕ್ಕೆ ದಾರಿ ತೋರಿಸಿದವರಲ್ಲಿ ಒಬ್ಬರು ನವೆಂಬರ್ 1ರಂದೇ ಹುಟ್ಟಿದವರು: ಆಲ್‌ಫ್ರೆಡ್ ವೆಗೆನರ್, 1880, ಬರ್ಲಿನ್, ಪಾದ್ರಿಯೊಬ್ಬರ ಮಗ. ಖಂಡಗಳು ಒಂದು ಕಾಲಕ್ಕೆ ಒಟ್ಟಿಗಿದ್ದು ಆಮೇಲೆ ಸರಿದು ದೂರವಾದವು ಎಂದು 1912ರಲ್ಲಿ ಅವರು ಹೇಳಿದಾಗ ಹೆಚ್ಚಿನ ಭೂವಿಜ್ಞಾನಿಗಳು ನಕ್ಕರು; ಹವಾಮಾನ ಶಾಸ್ತ್ರದವನಿಗೆ ಇದೆಲ್ಲ ಯಾಕೆ ಎಂದರು. 1930ರಲ್ಲಿ, ಸರಿಯಾಗಿ ತಮ್ಮ 50ನೇ ಹುಟ್ಟುಹಬ್ಬದ ದಿನ, ಗ್ರೀನ್‌ಲ್ಯಾಂಡಿನ ಹಿಮದ ನಡುವಿನ ಶಿಬಿರದಿಂದ ವಿಲುಮ್ಸೆನ್ ಎಂಬ ಸ್ಥಳೀಯ ಜೊತೆಗಾರನೊಂದಿಗೆ ಹೊರಟರು. ತಲುಪಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಹಿಮದಡಿ ಅವರ ದೇಹ ಸಿಕ್ಕಿತು, ವಿಲುಮ್ಸೆನ್ ಸಿಗಲೇ ಇಲ್ಲ. ಅವರ ಮಾತನ್ನು ಜಗತ್ತು ಒಪ್ಪಿದ್ದು 1960ರ ದಶಕದಲ್ಲಿ. ಆಫ್ರಿಕಾ ಮತ್ತು ಯುರೋಪಿನ ಫಲಕಗಳು ಅಟ್ಲಾಂಟಿಕ್ ಸಾಗರದಡಿ ಒತ್ತಿಕೊಳ್ಳುವ ಕಡೆಯೇ ಲಿಸ್ಬನ್ನನ್ನು ಕೆಡವಿದ ಕಂಪನ ಹುಟ್ಟಿದ್ದು. ಮಲ್ಪೆಗೆ ಪಿಕ್ನಿಕ್ ಹೋದವರು ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಪ್ಪು ಕಲ್ಲುಗಳ ಮೇಲೆ ನಿಂತು ಸೆಲ್ಫಿ ತೆಗೆದಿರಲ್ಲ, ಅವು ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತವು ಮಡಗಾಸ್ಕರ್‌ನಿಂದ ಬಿಟ್ಟು ಬಂದ ಕಾಲದ ಲಾವಾ.

ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ: ತಾರೀಖು ಏನನ್ನೂ ಹೇಳುವುದಿಲ್ಲ, ಆ ದಿನ ಅಲ್ಲಿದ್ದವರು ಹೇಳಬಲ್ಲರು. ಸಕಲ ಸಂತರ ಹಬ್ಬವೇ ನೋಡಿ, ರೋಮಿನಲ್ಲಿ ಮೊದಲು ಮೇ 13ರಂದು ಇತ್ತು. ನವೆಂಬರ್‌ಗೆ ಬಂದದ್ದು ಆಮೇಲೆ. “ಹಾಗಾದರೆ ನಮ್ಮ 1956ರ ಬಗ್ಗೆ ಯಾರನ್ನು ಕೇಳುವುದು?” ಎಂದಳು.

ಆ ವರ್ಷ ಹತ್ತು ತುಂಬಿದ್ದವರಿಗೆ ಈಗ 80ರ ಸುಮಾರು. ನಮ್ಮ ಧರ್ಮಕೇಂದ್ರದಲ್ಲಿ ಅಂಥ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅದಕ್ಕೇ ಈ ಸಲ ಒಂದು ಹಾಳೆ ತಯಾರಿಸಿದ್ದೇವೆ, ಏಳು ಪ್ರಶ್ನೆಗಳು. ರಾಜ್ಯ ಬದಲಾದದ್ದು ನಿಮಗೆ ಹೇಗೆ ಗೊತ್ತಾಯಿತು? ಶಾಲೆಯಲ್ಲಿ ಏನಾದರೂ ಬದಲಾಯಿತೇ, ಎಷ್ಟು ದಿನಕ್ಕೆ? ಮನೆಯಲ್ಲಿ ಯಾರಾದರೂ ಅತ್ತರೇ? ಆ ಬೆಳಿಗ್ಗೆ ಪ್ರಸಂಗದಲ್ಲಿ ಫಾದರ್ ಅದರ ಮಾತೆತ್ತಿದರೇ? ಹೀಗೆ. ಇಬ್ಬಿಬ್ಬರು ಸೇರಿ ಒಂದೊಂದು ಮನೆಗೆ ಹೋಗುವುದು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಕೊಂಕಣಿಯಲ್ಲೋ ತುಳುವಿನಲ್ಲೋ ಹೇಳಿದರೆ ಹಾಗೆಯೇ. ಹಾಳೆಗಳು ಭಾನುವಾರ ಎರಡನೇ ಬಲಿಪೂಜೆಯ ನಂತರ ಗಾಯನ ಮಂಡಳಿಯ ಮೆಟ್ಟಿಲ ಹತ್ತಿರ ನನ್ನ ಬಳಿ ಸಿಗುತ್ತವೆ. ಪೆನ್ನು ನೀವೇ ತನ್ನಿ.