ತೋಡಿನ ಬದಿಯ ಗುಲ್‌ಮೆಹಂದಿ

ಮಳೆಗಾಲದಲ್ಲಿ ಕಾರವಾರದಿಂದ ಅಂಕೋಲಾ ಕಡೆಗೆ ಹೊರಟಿದ್ದೀರಾ? ಹಾಗಾದರೆ ತೋಡೂರಿನಲ್ಲಿ ಸ್ವಲ್ಪ ಹೊತ್ತು ಇಳಿಯಿರಿ. ಊರಿನ ಹೆಸರಿನಲ್ಲೇ ತೋಡು ಕೇಳಿಸುತ್ತದೆಯಲ್ಲವೇ? ಗುಡ್ಡಗಳು ಕಡಲಿನ ಹತ್ತಿರಕ್ಕೇ ಬಂದಿರುವ ಈ ಸೀಮೆಯಲ್ಲಿ ಆಷಾಢ ಕಳೆಯುವಷ್ಟರಲ್ಲಿ ತೋಡಿನ ದಂಡೆ, ರಸ್ತೆಯ ಬದಿ ಎಲ್ಲವೂ ಹಸಿರು. ಆ ಹಸಿರಿನ ನಡುವೆ ಗುಲಾಬಿ ಬಣ್ಣದ ಹೂವೊಂದು ಕಣ್ಣಿಗೆ ಬಿದ್ದರೆ, ಮಕ್ಕಳು ಕೀಳುವ ಮುನ್ನ ನೀವು ಅದನ್ನು ಗುರುತಿಸಿ.

ಇದು ಕರ್ಣಕುಂಡಲ. ಉರ್ದು ಮಾತಾಡುವ ಮನೆಗಳಲ್ಲಿ ಇದೇ ಗುಲ್‌ಮೆಹಂದಿ. ಕೆಲವೆಡೆ ಗೌರಿ ಹೂ ಎಂದೂ ಕರೆಯುತ್ತಾರೆ. ತೊಡಕು ಇರುವುದೇ ಇಲ್ಲಿ. ಇದೇ ಮಳೆಗಾಲದಲ್ಲಿ ಬೇಲಿಗೆ ಹಬ್ಬುವ ಅಗ್ನಿಶಿಖೆಗೂ ಗೌರಿ ಹೂ ಎಂಬ ಹೆಸರಿದೆ. ಅದರ ಗೆಡ್ಡೆಯಿಂದ ಬೀಜದವರೆಗೆ ಎಲ್ಲವೂ ವಿಷ.

ವ್ಯತ್ಯಾಸ ತಿಳಿಯುವುದು ಕಷ್ಟವೇನಲ್ಲ. ಅಗ್ನಿಶಿಖೆ ಬಳ್ಳಿ, ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಹೂವಿನ ಎಸಳುಗಳು ಕೆಂಪು, ಹಳದಿ ಬೆಂಕಿಯ ನಾಲಿಗೆಯಂತೆ ಮೇಲಕ್ಕೆ ಮಡಚಿರುತ್ತವೆ. ಕರ್ಣಕುಂಡಲ ನೆಟ್ಟಗೆ ನಿಲ್ಲುವ ಗಿಡ. ಕಾಂಡದಲ್ಲಿ ನೀರು ತುಂಬಿರುತ್ತದೆ. ಉದ್ದನೆಯ ಎಲೆಗೆ ಗರಗಸದ ಅಂಚು. ಹೂವಿನ ಹಿಂದೆ ಬಾಗಿದ ಸಣ್ಣ ಕೊಂಬಿನಂಥ ನಳಿಕೆ, ಅದರೊಳಗೆ ಮಕರಂದ. ಇನ್ನೂ ಸಂಶಯವೇ? ಬಲಿತ ಕಾಯಿಯನ್ನು ಮೆಲ್ಲಗೆ ಮುಟ್ಟಿ ನೋಡಿ. ಸಿಪ್ಪೆ ಸುರುಳಿ ಸುತ್ತಿ ಬೀಜಗಳು ಚಿಮ್ಮಿ ಹೋಗುತ್ತವೆ! ಈ ಆತುರದಿಂದಲೇ ಇದಕ್ಕೆ ಇಂಪೇಶಿಯನ್ಸ್, ಅಂದರೆ ತಾಳ್ಮೆಯಿಲ್ಲದ್ದು ಎಂಬ ಲ್ಯಾಟಿನ್ ಹೆಸರು ಬಂದಿದೆ. ಇದೇ ಕುಲದ ಬೇರೆ ಗಿಡಗಳೂ ಪಶ್ಚಿಮ ಘಟ್ಟದಲ್ಲಿ ಬಹಳ ಇವೆ. ಅವುಗಳಲ್ಲಿ ಹಲವಕ್ಕೆ ಎಲೆಗಳು ಎದುರುಬದುರಾಗಿ ಬರುತ್ತವೆ. ಕರ್ಣಕುಂಡಲದಲ್ಲಿ ಒಂದಾದ ಮೇಲೊಂದರಂತೆ ಬರುತ್ತವೆ.

ಗುಲ್‌ಮೆಹಂದಿ ಎಂಬ ಹೆಸರೂ ಸುಮ್ಮನೆ ಬಂದದ್ದಲ್ಲ. ಮೆಹಂದಿ ಎಲೆಗೆ ಬಣ್ಣ ಕೊಡುವ ಲಾಸೋನ್ ಈ ಗಿಡದಲ್ಲೂ ಇದೆ. ಭಾರತದ ಈ ಹೂ ದೂರದ ಕೊರಿಯಾದ ಅಂಗಳಕ್ಕೂ ಹೋಗಿದೆ. ಅಲ್ಲಿನ ಹುಡುಗಿಯರು ಹೂವಿನ ಎಸಳು ಜಜ್ಜಿ, ಸ್ಫಟಿಕ ಬೆರೆಸಿ, ರಾತ್ರಿ ಉಗುರಿಗೆ ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಉಗುರು ಕಿತ್ತಳೆ ಕೆಂಪು. ನಮ್ಮ ಮದುವೆ ಮನೆಯ ಮೆಹಂದಿ ರಾತ್ರಿಗೂ ಅದಕ್ಕೂ ಎಷ್ಟೊಂದು ಹೋಲಿಕೆ!

ಹಾಗೆಂದು ಇದನ್ನು ಬಾಯಿಗೆ ಹಾಕಬಾರದು. ನೋಡುವುದಕ್ಕೆ, ಅಂಗಳದಲ್ಲಿ ಬೆಳೆಸುವುದಕ್ಕೆ ಮಾತ್ರ ಸಾಕು. ಒಣಗುವ ಮೊದಲೇ ನಾಲ್ಕು ಬಲಿತ ಕಾಯಿ ತಂದು ನೀರು ಹರಿಯುವ ಮೂಲೆಯಲ್ಲಿ ಉದುರಿಸಿದರೆ ಮುಂದಿನ ಮಳೆಗೆ ಗಿಡ ಏಳುತ್ತದೆ. ಮಕ್ಕಳು "ಇದೇನು ಹೂವು?" ಎಂದು ಕೇಳಿದಾಗ "ಯಾವುದೋ ಕಾಡು ಹೂ" ಎನ್ನಬೇಡಿ. ಎರಡು ಗೌರಿ ಹೂಗಳಲ್ಲಿ ಯಾವುದನ್ನು ಮುಟ್ಟಬಾರದು ಎಂದು ಅವರಿಗೆ ತಿಳಿಯಬೇಕಾದದ್ದು ತಾಯಿಯ ಬಾಯಿಂದಲೇ ಅಲ್ಲವೇ?